ಅಪ್ಪನ ಸೈಕಲ್ಲಿಗೆ ಹೊಸ ಬಣ್ಣ ಬೇಡ

ತೀರ್ಥಹಳ್ಳಿಯ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಇಪ್ಪತ್ತು ಮಳೆಗಾಲ ಕಳೆದ ಹರ್ಕ್ಯುಲಿಸ್ ಸೈಕಲ್ಲನ್ನು ಅಂಗಳಕ್ಕೆ ತಂದ ದಿನ, ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: “ಅಕ್ಕಾ, ಉಜ್ಜಿಸಿ ಸ್ಪ್ರೇ ಹೊಡೆಸಿಬಿಡಿ.” ನಾನು ಒಪ್ಪಲಿಲ್ಲ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದ ಒಂಬತ್ತರ ವಯಸ್ಸಿನಲ್ಲಿ, ನನ್ನ ಲಂಗ ಉಜ್ಜಿ ಉಜ್ಜಿ ಸೀಟಿನ ಕೆಳಗಿನ ಪೈಪಿನಲ್ಲಿ ಅಂಗೈ ಅಗಲ ಬಣ್ಣ ಸವೆದಿದೆ. ಸ್ಪ್ರೇ ಹೊಡೆಸಿದರೆ ಆ ಜಾಗವೇ ಮುಚ್ಚಿಹೋಗುತ್ತದೆ. ಹರ್ಕ್ಯುಲಿಸ್ ತಯಾರಾದ, ಚೆನ್ನೈನ ಅಂಬತ್ತೂರಿನ ಟಿ.ಐ. ಕಾರ್ಖಾನೆಯ ಕಪ್ಪು ಬಣ್ಣವನ್ನು ಉಳಿಸಿಕೊಂಡೇ ಸೈಕಲ್ಲನ್ನು ಓಡುವಂತೆ ಮಾಡಬಹುದು. ಉಪ್ಪುಕಾಗದವನ್ನು ಮಾತ್ರ ಮುಟ್ಟಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯಿದೆ, ಆ ಧೂಳು ಉಸಿರಿಗೆ ಹೋಗಬಾರದು.

ಬಿಚ್ಚುವ ಮೊದಲು ಬ್ರೇಕಿನ ಸರಳು, ನಟ್ಟು, ವಾಷರ್ ಎಲ್ಲವುಗಳ ಫೋಟೊ ತೆಗೆದುಕೊಳ್ಳಿ. ಬಿಚ್ಚಿದ್ದನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಡಿ.

ತೊಳೆಯುವ ಅವಸರ ಬೇಡ. ಒಣ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿದರೆ ಗೀರು ಬೀಳುತ್ತದೆ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿ. ಆಮೇಲೆ ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಬಿಟ್ಟು, ಹಿಂಡಿದ ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಕೂಡಲೇ ಒಣಗಿಸಿ. ಗಟ್ಟಿಯಾದ ಗ್ರೀಸಿನ ಜಿಡ್ಡಿಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ಹಚ್ಚಿ ಹತ್ತು ನಿಮಿಷ ಬಿಟ್ಟರೆ ಜಿಡ್ಡು ತಾನಾಗಿ ಮೆತ್ತಗಾಗುತ್ತದೆ. ನಮ್ಮ ಚೈನ್ ಕವರಿನ ಮೇಲೆ ಹಾಗೆಯೇ ಮಾಡುತ್ತಿದ್ದಾಗ ಮೂರನೆಯ ಬಟ್ಟೆಗೆ ಬಿಳಿ ಗೆರೆಯೊಂದು ಕಂಡಿತು. ಮೊದಲು ಏತ್ವದ ತುದಿ, ಆಮೇಲೆ ಇಡೀ ‘ಕೆ’, ಪಕ್ಕದಲ್ಲಿ ಒಂದು ಚುಕ್ಕೆ. ಊರಿನ ಬೋರ್ಡು ಬರೆಯುವವರಿಂದ ಅಪ್ಪ ಬರೆಸಿದ್ದ ಇನಿಷಿಯಲ್! ಬೆರಳಾಡಿಸಿದರೆ ಕುಂಚದ ಬಣ್ಣ ಉಬ್ಬಿರುವುದು ಇನ್ನೂ ತಿಳಿಯುತ್ತದೆ. ಅಂಥ ಅಕ್ಷರ, ಚಿನ್ನದ ಗೆರೆ ಇರುವ ಕಡೆ ಬಟ್ಟೆ ಬಿಟ್ಟು ಹತ್ತಿಯ ಕಡ್ಡಿ ಹಿಡಿಯಿರಿ.

ಥಿನ್ನರ್, ಪೆಟ್ರೋಲು ಹತ್ತಿರಕ್ಕೂ ಬರಬಾರದು. ಹಿಂದಿನ ಮಡ್‌ಗಾರ್ಡಿನ ಡೊಂಕು ತೆಗೆಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಉಪಕಾರವೆಂದೇ ಥಿನ್ನರಿನಲ್ಲಿ ಒರೆಸಿಕೊಟ್ಟರು, ಎರಡು ಗೇಣು ಚಿನ್ನದ ಗೆರೆ ಅಳಿಸಿಹೋಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಯಾವ ದ್ರವವನ್ನೇ ಆಗಲಿ, ಪೆಡಲಿನ ಆ್ಯಕ್ಸಲ್ ಕೂರುವ ಕೊಳವೆಯ ತಳದಲ್ಲಿ, ಯಾರಿಗೂ ಕಾಣದ ಕಡೆ, ಮೊದಲು ಪರೀಕ್ಷಿಸಿ.

ಬಣ್ಣದ ಮೇಲೆ ಹಬ್ಬಿದ ತುಕ್ಕಿಗೆ ಆಕ್ಸಾಲಿಕ್ ಆಮ್ಲ ಒಳ್ಳೆಯದು. ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ 25 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಇದು ವಿಷ. ಕೈಗವಸು ಬೇಕೇ ಬೇಕು, ಮಕ್ಕಳು ಸುಳಿಯಬಾರದು. ಬಟ್ಟೆಯನ್ನು ಅದರಲ್ಲಿ ಅದ್ದಿ ತುಕ್ಕಿನ ಜಾಗಕ್ಕೆ ಸುತ್ತಿ, ಒಣಗಲು ಬಿಡದೆ ಇಪ್ಪತ್ತು ನಿಮಿಷಕ್ಕೊಮ್ಮೆ ಬಿಚ್ಚಿ ನೋಡಿ. ಆಮ್ಲ ತುಕ್ಕನ್ನು ಕರಗಿಸುತ್ತದೆ, ಗಟ್ಟಿ ಬಣ್ಣವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆದರೆ ಕೆಲವು ಬಣ್ಣಗಳು ಮಂಕಾಗುವುದುಂಟು, ಅತಿಯಾಗಿ ನೆನೆಸಿದರೆ ಹಳದಿ ಪದರ ಕೂರುತ್ತದೆ. ಸಾಕೆನಿಸಿದಾಗ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಒರೆಸಿ, ಶುದ್ಧ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಹ್ಯಾಂಡಲ್ ಮತ್ತು ರಿಮ್ಮಿನ ಕ್ರೋಮಿಗೆ ಅಲ್ಯೂಮಿನಿಯಂ ಹಾಳೆಯ ಉಂಡೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದರಾಯಿತು. ಅಲ್ಯೂಮಿನಿಯಂ ಕ್ರೋಮಿಗಿಂತ ಮೃದು, ಗೀರು ಬೀಳುವುದಿಲ್ಲ.

ಯಂತ್ರದ ಕೆಲಸ ಎಲ್ಲ ಸೈಕಲ್ಲಿನಂತೆಯೇ. ಎಡ ಪೆಡಲಿನ ತಿರುಪಿನ ಸುತ್ತು (ಥ್ರೆಡ್) ಉಲ್ಟಾ ಎಂಬುದು ನೆನಪಿರಲಿ. ಪೆಡಲಿನ ತೋಳನ್ನು, ಅಂದರೆ ಕ್ರ್ಯಾಂಕನ್ನು, ಆ್ಯಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ನಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ, ನಟ್ಟನ್ನು ತುದಿಯ ಮಟ್ಟಕ್ಕೆ ಸಡಿಲಿಸಿ, ಕ್ರ್ಯಾಂಕಿನ ಕೆಳಗೆ ಮರದ ಆಸರೆ ಕೊಟ್ಟು ಹೊಡೆಯಿರಿ. ಇಲ್ಲದಿದ್ದರೆ ಪಿನ್ನು ಬಾಗುತ್ತದೆ, ಪೆಟ್ಟು ಜಾರಿ ಬಣ್ಣವೂ ಹಾರುತ್ತದೆ. ಬೇರಿಂಗಿನ ಗುಂಡುಗಳನ್ನು ಎಣಿಸಿ ತೆಗೆದು, ಅಷ್ಟೇ ಅಳತೆಯ, ಅಷ್ಟೇ ಸಂಖ್ಯೆಯ ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿ. ಟೈರು, ಟ್ಯೂಬು, ಬ್ರೇಕಿನ ರಬ್ಬರು ಹೊಸದೇ ಇರಲಿ, ಅಲ್ಲಿ ಹಳೆಯದರ ಮೋಹ ಬೇಡ. ರಿಮ್ಮಿನ ಬೆಂಡ್ ತೆಗೆಯುವುದನ್ನು ಕೈ ಪಳಗಿದವರಿಗೆ ಬಿಡಿ.

ಕೊನೆಗೆ ಮೇಣ. ಕಾರಿಗೆ ಹಚ್ಚುವ ಕಾರ್ನೌಬಾ ಮೇಣವನ್ನು ತೆಳುವಾಗಿ ಬಳಿದು, ಮಂಜು ಕಟ್ಟಿದಂತಾದಾಗ ಒರೆಸಿ. ಮಾರನೆಯ ದಿನ ಇನ್ನೊಮ್ಮೆ. ಪಾರದರ್ಶಕ ವಾರ್ನಿಷ್ ಬೇಡ. ಅದರಡಿಯಲ್ಲೇ ತುಕ್ಕು ಹರಿದು, ಏಳುವಾಗ ಹಳೆಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಮೇಣವಾದರೆ ಮಳೆಗಾಲದ ಮೊದಲು, ಮಳೆಗಾಲದ ನಂತರ ಮತ್ತೆ ಹಚ್ಚಬಹುದು. ಬರಿ ಕಬ್ಬಿಣ ಕಾಣುವ ಕಡೆ ಒಂದು ಸುತ್ತು ಹೆಚ್ಚು ಬೇಕು. ಸೀಟಿನ ಕೆಳಗಿನ ಆ ಅಂಗೈ ಅಗಲಕ್ಕೆ ನಾನು ಮೂರು ಸುತ್ತು ಹಚ್ಚಿದ್ದೇನೆ. ಸೈಕಲ್ ಈಗ ಪಡಸಾಲೆಯಲ್ಲಿದೆ, ಕೊಟ್ಟಿಗೆಗೆ ಮತ್ತೆ ಹೋಗುವುದಿಲ್ಲ.