18 ತುಂಬುವ ಮೊದಲೇ ತಪ್ಪು ಮಾಡಲಿ ಅಂತ ಬಿಟ್ಟೆ

ಫಾಸ್ಟರ್ ಕೇರ್‌ನಲ್ಲಿ, ಅಂದರೆ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಬೇರೆ ಮನೆಯವರು ನೋಡಿಕೊಳ್ಳುವ ವ್ಯವಸ್ಥೆಯಲ್ಲಿ, ನಮ್ಮನೆಗೆ ಮೊದಲು ಬಂದ ಹುಡುಗನಿಗೆ ಆಗ 15 ವರ್ಷ. ಅವನ ಬಟ್ಟೆ ನಾನೇ ಒಗೆಯುತ್ತಿದ್ದೆ, ಡಾಕ್ಟರ ಹತ್ತಿರ ಅವನ ಪರವಾಗಿ ನಾನೇ ಮಾತಾಡುತ್ತಿದ್ದೆ, ಅರ್ಜಿಗಳನ್ನೂ ನಾನೇ ತುಂಬುತ್ತಿದ್ದೆ. ಮೊದಲೇ ನೊಂದು ಬಂದ ಮಗು, ಇನ್ನು ಅದಕ್ಕೇಕೆ ಕೆಲಸ ಹೇಳೋದು ಅಂತ. 18 ತುಂಬಿ ಹೊರಗೆ ಹೋದ ಎರಡೇ ತಿಂಗಳಿಗೆ, ಬಾಡಿಗೆ ಕಟ್ಟಲಾಗದೆ ಗೆಳೆಯರ ರೂಮಿನಲ್ಲಿ ಮಲಗುತ್ತಿದ್ದಾನೆ ಅಂತ ಬೇರೆಯವರಿಂದ ಗೊತ್ತಾಯಿತು. ತಪ್ಪು ನನ್ನದೇ.

ಆಮೇಲೆ ಬಂದ ಹುಡುಗಿಗೆ 14. ಈ ಸಲ ಸ್ವಂತವಾಗಿ ಬದುಕೋದನ್ನು ಮೊದಲ ವರ್ಷದಿಂದಲೇ ಕಲಿಸೋಕೆ ಶುರು ಮಾಡಿದೆ. ಇಂಥ ಮಕ್ಕಳ ಆರೈಕೆಯ ಬಗ್ಗೆ ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯೂ ಹೇಳೋದು ಇದನ್ನೇ: ತಯಾರಿ ಆದಷ್ಟು ಬೇಗ ಶುರುವಾಗಬೇಕು, ಮುಂದೇನು ಅಂತ ಯೋಚಿಸುವಾಗ ಮಕ್ಕಳೂ ಜೊತೆಗಿರಬೇಕು. ನಾನು ಅದನ್ನು ಓದಿದ್ದು ಪೆಟ್ಟು ತಿಂದ ಮೇಲೆ ಬಿಡಿ.

ಅವಳ ಬಟ್ಟೆ, ಫೋನ್ ರೀಚಾರ್ಜ್, ಬಸ್ಸು, ಸೋಪು, ಶಾಂಪೂ ಎಲ್ಲಕ್ಕೂ ಸೇರಿಸಿ ತಿಂಗಳ ಮೊದಲ ದಿನ ದುಡ್ಡು ಅವಳ ಕೈಗೇ ಕೊಟ್ಟೆ. ಒಂಬತ್ತು ದಿನಕ್ಕೆ ಖಾಲಿ! ಹೆಡ್‌ಫೋನ್ ತಗೊಂಡಿದ್ದಳು. ಹತ್ತನೇ ದಿನ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತು "ಆಂಟಿ, ಬಸ್ಸಿಗೆ..." ಅಂದಳು. ಕೊಡಲಿಲ್ಲ. ಕರುಳು ಚುರುಕ್ ಅಂತು, ಆದರೂ ಕೊಡಲಿಲ್ಲ. ಚಪ್ಪಲಿ ಹಾಕಿಕೊಂಡು ಸ್ಕೂಲಿನವರೆಗೂ ಅವಳ ಜೊತೆ ನಾನೂ ನಡೆದೆ. ದಾರಿಯಲ್ಲಿ ಉಪದೇಶ ಮಾಡಲಿಲ್ಲ, ಅದೇ ಕಷ್ಟ ಆಗಿದ್ದು. ತಿಂಗಳ ಕೊನೆಗೆ ಒಂದಿಷ್ಟು ಉಳಿಸೋಕೆ ಅವಳಿಗೆ ಐದು ತಿಂಗಳು ಬೇಕಾಯಿತು. ಒಂದು ಮಾತು, ಈ ಲೆಕ್ಕದಲ್ಲಿ ಊಟ ಮತ್ತು ಔಷಧಿ ಯಾವತ್ತೂ ಬರಬಾರದು. ಹಸಿವು ಕಂಡ ಮಕ್ಕಳು ದಿಂಬಿನ ಕೆಳಗೆ ತಿಂಡಿ ಬಚ್ಚಿಡೋದನ್ನು ನೋಡಿದ್ದೀನಿ.

ಅಡುಗೆ, ಬಟ್ಟೆ ಒಗೆಯೋದೆಲ್ಲ ಬೇಗ ಬಂತು, ಅದೇನು ದೊಡ್ಡ ವಿಷಯ ಅಲ್ಲ. ಫೋನಲ್ಲಿ ಅಪರಿಚಿತರ ಜೊತೆ ಮಾತಾಡೋದೇ ದೊಡ್ಡ ಗುಡ್ಡ. ದಂತವೈದ್ಯರ ಅಪಾಯಿಂಟ್‌ಮೆಂಟಿಗೆ ಏನು ಹೇಳಬೇಕು ಅಂತ ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟೆ. ಮಧ್ಯೆ "ಅವರು ಹೇಳೋವರೆಗೆ ಕಾಯಿ" ಅಂತ ಬರೆದಿದ್ದೆ. ಅದನ್ನೂ ಗಟ್ಟಿಯಾಗಿ ಓದಿಬಿಟ್ಟಳು! ಇಬ್ಬರೂ ನಕ್ಕು ನಕ್ಕು ಸಾಕಾಯಿತು. ಮುಂದಿನ ಸಲ ಚೀಟಿ ಕೇಳಲಿಲ್ಲ.

ಕಾಗದಪತ್ರಕ್ಕೆ ಒಂದು ವರ್ಷ ಹಿಡಿಯಿತು. ಮನೆಯಿಂದ ಮನೆಗೆ ಬದಲಾದ ಮಕ್ಕಳ ಕಾಗದ ಒಂದೊಂದು ಕಡೆ ಇರುತ್ತೆ. ಜನನ ಪ್ರಮಾಣಪತ್ರ, ಗುರುತಿನ ಚೀಟಿ, ಅಂಕಪಟ್ಟಿ, ಲಸಿಕೆಯ ದಾಖಲೆ, ಚಿಕ್ಕಂದಿನಲ್ಲಿ ಏನೇನು ಕಾಯಿಲೆ ಬಂದಿತ್ತು, ಯಾವ ಔಷಧಿ ಆಗಿಬರಲ್ಲ, ಎಲ್ಲ. ಮಗುವಿನ ಕೇಸ್ ನೋಡುವ ಅಧಿಕಾರಿಗಳು ಇರುವಾಗಲೇ ಕೇಳಿ ತೆಗೆದುಕೊಳ್ಳಿ, ಆಮೇಲೆ ಅಲೆಯೋದು ಆ ಮಗುವೇ.

17ಕ್ಕೆ ಪಾರ್ಟ್ ಟೈಮ್ ಕೆಲಸಕ್ಕೆ ಅರ್ಜಿ ತುಂಬುತ್ತಿದ್ದಳು. ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನೋ ಜಾಗದಲ್ಲಿ ಪೆನ್ನು ನಿಂತಿತು.

"ನಂದು ಬರಿ," ಅಂದೆ.

"18 ಆದಮೇಲೂನಾ?"

ದುಡ್ಡು, ಬ್ಯಾಂಕು ಎಲ್ಲ ಕಲಿಸಿದವಳು ಇದನ್ನು ಬಾಯಿಬಿಟ್ಟು ಹೇಳೇ ಇರಲಿಲ್ಲ. ಹೂಂ, ಆಮೇಲೂ, ಅಂದೆ. ಅವತ್ತೇ ಕೂತು ಒಂದು ಪಟ್ಟಿ ಮಾಡಿದೆವು. ಜ್ವರ ಬಂದರೆ ಯಾರಿಗೆ ಹೇಳೋದು, ಬಾಡಿಗೆ ಕರಾರು ಯಾರಿಗೆ ತೋರಿಸೋದು, ಸುಮ್ನೆ ಬೇಜಾರಾದರೆ ಯಾರ ಮನೆಗೆ ಹೋಗೋದು. ನಾನು, ಬೇರೆ ಮನೆಯಲ್ಲಿ ಬೆಳೆಯುತ್ತಿದ್ದ ಅವಳ ಅಕ್ಕ, ಒಬ್ಬ ಟೀಚರ್. ನಾಲ್ಕನೇ ಹೆಸರು ಅವಳೇ ಸೇರಿಸಿದಳು, ನಮ್ಮ ಮೊದಲ ಹುಡುಗನದು. ಬಾಡಿಗೆ ವಿಷಯ ಅವನಿಗೇ ಜಾಸ್ತಿ ಗೊತ್ತು ಅಲ್ವಾ ಅಂದಳು.

ಈಗ ಅವಳಿಗೆ 20. ಮೊನ್ನೆ ಫೋನ್ ಮಾಡಿ ಹೊಸ ರೂಮಿನ ಕರಾರು ಓದಿ ಹೇಳಿದಳು. ಅಡ್ವಾನ್ಸ್ ಯಾವಾಗ ವಾಪಸ್ ಕೊಡುತ್ತಾರೆ ಅಂತ ಎಲ್ಲೂ ಬರೆದಿಲ್ಲವಂತೆ. "ಸಹಿ ಹಾಕಿಲ್ಲ ಆಂಟಿ, ಅವನಿಗೂ ಕಳಿಸಿದ್ದೀನಿ," ಅಂದಳು.