ದರದ ಪಟ್ಟಿ ಬಿಟ್ಟು ದಿನಗಳನ್ನು ಎಣಿಸಿದೆ

ದಕ್ಷಿಣ ಏಷ್ಯಾದ ಐದು ದೇಶಗಳ ಸೌರವಿದ್ಯುತ್ ನೀತಿಗಳನ್ನು ಹೋಲಿಸಿ ಸುಧಾರಣೆಯ ಶಿಫಾರಸು ಬರೆಯುವ ಗುತ್ತಿಗೆ ಕೆಲಸವನ್ನು ಕಲಬುರಗಿಯಲ್ಲೇ ಕುಳಿತು ಮುಗಿಸುತ್ತೇನೆ ಎಂದಾಗ, ಜೊತೆಗಿದ್ದ ದೆಹಲಿಯ ಸಲಹೆಗಾರರು ನಕ್ಕಿದ್ದರು. ಮೊದಲ ಏಳು ತಿಂಗಳು ಆ ನಗು ನ್ಯಾಯವಾಗಿಯೇ ಇತ್ತು. ಎಲ್ಲರಂತೆ ನಾನೂ ಯೂನಿಟ್ ದರ, ಸಬ್ಸಿಡಿ, ಮೆಗಾವಾಟ್ ಗುರಿಗಳ ಕೋಷ್ಟಕ ಮಾಡಿದೆ. ಒಂದು ದೇಶದ ದರವನ್ನು ರೂಪಾಯಿಗೆ ಇಳಿಸುವಷ್ಟರಲ್ಲಿ ಇನ್ನೊಂದು ದೇಶದ ದರ ಬದಲಾಗಿರುತ್ತಿತ್ತು. ಅನುವಾದಕ್ಕೂ ಓಡಾಟಕ್ಕೂ ಕೈಯಿಂದ ಸುಮಾರು ಎರಡು ಲಕ್ಷ ಹೋಯಿತು, ಬಂದದ್ದು ಮೊದಲ ಕಂತು ಮಾತ್ರ.

ದಾರಿ ತೋರಿಸಿದ್ದು ನಮ್ಮ ಭಾವನವರ ದಾಲ್ ಮಿಲ್ಲು. ಅದರ ತಗಡಿನ ಮೇಲೆ ನಲವತ್ತು ಕಿಲೋವಾಟಿನ ಫಲಕಗಳನ್ನು ಕೂರಿಸಲು ಹನ್ನೆರಡು ದಿನ ಸಾಕಾಯಿತು, ಕೊಂಡ ವಿದ್ಯುತ್ತನ್ನೂ ತಂತಿಗೆ ಕೊಟ್ಟದ್ದನ್ನೂ ಅಳೆಯುವ ನೆಟ್ ಮೀಟರು ಬರಲು ನಾಲ್ಕು ತಿಂಗಳು ಹಿಡಿಯಿತು. ಇಪ್ಪತ್ತು ಲಕ್ಷದ ಸಾಲಕ್ಕೆ ಅಷ್ಟರಲ್ಲಿ ಅರವತ್ತೈದು ಸಾವಿರದಷ್ಟು ಬಡ್ಡಿ ಬೆಳೆದಿತ್ತು. ಯೂನಿಟ್ಟಿಗೆ ಹತ್ತು ಪೈಸೆ ಹೆಚ್ಚು ಸಿಕ್ಕರೂ ಅದನ್ನು ತುಂಬಿಕೊಳ್ಳಲು ಹತ್ತು ವರ್ಷವಾದರೂ ಬೇಕಿತ್ತು.

ಹಳೆಯ ಕೋಷ್ಟಕವನ್ನು ಬದಿಗಿಟ್ಟು, ಅರ್ಜಿ ಕೊಟ್ಟ ದಿನದಿಂದ ಮೀಟರು ತಿರುಗಿದ ದಿನದವರೆಗೆ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬುದೊಂದನ್ನೇ ಬರೆಯತೊಡಗಿದೆ. ಆಗ ನೀತಿಗಳು ಬೇರೆಯೇ ಆಗಿ ಕಂಡವು. ಭಾರತವು 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿ ತಂದು, 10 ಕಿಲೋವಾಟಿನವರೆಗೆ ಫಲಕಗಳನ್ನು ತಂತಿಗೆ ಜೋಡಿಸಬಹುದೇ ಎಂದು ನೋಡುವ ಕಾರ್ಯಸಾಧ್ಯತಾ ಪರಿಶೀಲನೆಯನ್ನೇ ಕೈಬಿಟ್ಟದ್ದು ಯಾವ ಸಬ್ಸಿಡಿಗೂ ಕಡಿಮೆಯದಲ್ಲ. ಬಾಂಗ್ಲಾದೇಶದಲ್ಲಿ 2003ರಿಂದ ಸಾಲದ ಮೇಲೆ ನಲವತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಸೌರದೀಪ ತಲುಪಿದ್ದರ ಹಿಂದೆ, ತಂತಿಯೇ ಇಲ್ಲದ ಊರಿನಲ್ಲಿ ತಂತಿಯ ಅನುಮತಿ ಕಾಯಬೇಕಿರಲಿಲ್ಲ ಎಂಬ ಸರಳ ಕಾರಣವೂ ಇದೆ. ತಂತಿ ಬಂದ ಮೇಲೆ ಆ ಬೇಡಿಕೆ ಕುಸಿಯಿತು. ಶ್ರೀಲಂಕಾ 2016ರ ಯೋಜನೆಯಲ್ಲಿ ಗ್ರಾಹಕರ ಮುಂದೆ, ಅವರ ಸೌರವಿದ್ಯುತ್ತಿಗೆ ಮೂರು ಬಗೆಯ ಲೆಕ್ಕವನ್ನಿಟ್ಟಿತು.

ನೇಪಾಳ, ಭೂತಾನಗಳಲ್ಲಿ ನಾನು ಎಡವಿದೆ. ಜಲವಿದ್ಯುತ್ತೇ ಧಾರಾಳವಾಗಿರುವಾಗ ಸೌರನೀತಿಯ ತುರ್ತೇನು ಎಂದು ಕಡಿಮೆ ಅಂಕ ಕೊಟ್ಟಿದ್ದೆ. ಚಳಿಗಾಲದಲ್ಲಿ ನದಿ ಸೊರಗಿದಾಗ ಎರಡೂ ಭಾರತದಿಂದ ವಿದ್ಯುತ್ ಕೊಳ್ಳುತ್ತವೆ ಎಂಬುದು ಗಮನಕ್ಕೆ ಬಂದ ಮೇಲೆ, ಚಳಿಗಾಲದ ಯೂನಿಟ್ಟಿಗೆ ಬೇರೆ ಅಂಕಣ ಮಾಡಿ ಇಡೀ ಲೆಕ್ಕವನ್ನು ಮತ್ತೆ ಬರೆದೆ. ಆರು ವಾರ ಹೋಯಿತು.

ಈ ನಡುವೆ ಮಿಲ್ಲಿನಲ್ಲೇ ಇನ್ನೊಂದು ಪರೀಕ್ಷೆ ಮಾಡಿದೆ. ತೊಗರಿ ಸುಗ್ಗಿಯಲ್ಲಿ ಅರ್ಧ ಫಲಕಗಳನ್ನು ವಾರಕ್ಕೊಮ್ಮೆ ತೊಳೆಸಿ, ಉಳಿದರ್ಧವನ್ನು ಹೊಟ್ಟಿನ ಧೂಳಿಗೇ ಬಿಟ್ಟಾಗ, ತಿಂಗಳ ಕೊನೆಗೆ ನೂರಕ್ಕೆ ಹನ್ನೆರಡರಷ್ಟು ವ್ಯತ್ಯಾಸ ಕಂಡಿತು. ಕಾಗದದ ಮೇಲಿನ ಉತ್ಪಾದನೆಯ ಅಂಕಿಗಳನ್ನು ಅಂದಿನಿಂದ ನಾನು ನಂಬುವುದಿಲ್ಲ.

ಐದು ದೇಶಗಳ ಕಡತದ ದಿನಾಂಕಗಳು ಹೇಗೆ ಸಿಕ್ಕವು ಎಂಬುದನ್ನು ಪೂರ್ತಿ ಬಿಚ್ಚಿಡಲಾರೆ; ಅಧಿಕಾರಿಗಳಿಗಿಂತ ಮೊದಲು ಫಲಕ ಕೂರಿಸುವವರನ್ನು ಕೇಳಿದೆ ಎಂದಷ್ಟೇ ಹೇಳುತ್ತೇನೆ. ವರದಿ ಒಪ್ಪಿಗೆಯಾಗಿ, ದಿನಗಳ ಕೋಷ್ಟಕವೇ ಮೊದಲ ಅನುಬಂಧವಾಯಿತು, ಬಾಕಿ ಕಂತುಗಳೂ ಬಂದವು. ದೆಹಲಿಯ ಆ ಸಲಹೆಗಾರರು ಈಚೆಗೆ ಕೋಷ್ಟಕದ ನಮೂನೆ ಕೇಳಿದ್ದರು. ಖಾಲಿ ನಮೂನೆಯನ್ನು ಕಳುಹಿಸಿದ್ದೇನೆ, ಸೂತ್ರ ತುಂಬಿದ್ದನ್ನಲ್ಲ.