ಕೆರೆ ಹೂಳು ಹೊಲಕ್ಕೆ, ರೊಕ್ಕ ಊರಿಗೆ: ಕಪ್ಪತಗುಡ್ಡದ ಬುಡದಲ್ಲಿ ನಾವು ಮಾಡುವ ರೀತಿ

ಕೆರೆ ಕೆಲಸ ಅಂದಕೂಡಲೇ ಎಲ್ಲರೂ ಜೆಸಿಬಿ ಕರೆಸುತ್ತಾರೆ. ನಾವು ಅದನ್ನು ಕೊನೆಗೆ ಇಳಿಸುತ್ತೇವೆ. ಮೇಲಿನ ಹಳ್ಳ ಮಣ್ಣು ಹೊತ್ತು ತರುವುದು ನಿಲ್ಲದೆ ಕೆರೆ ತೋಡಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅದರ ಗಡಿಯೊಳಗೆ ನಾವು ಕೈ ಹಾಕುವುದಿಲ್ಲ. ಕೆಳಗಿನ ಗೋಮಾಳದ ಕೊರಕಲುಗಳಿಗೆ ಮೊಣಕಾಲೆತ್ತರದ ಕಲ್ಲಿನ ತಡೆ ಕಟ್ಟುತ್ತೇವೆ. ಕೆಳಗಿನ ತಡೆಯ ತಲೆ, ಮೇಲಿನದರ ಬುಡ ಒಂದೇ ಮಟ್ಟಕ್ಕೆ ಬರಬೇಕು. ತಡೆಯ ನಡುಭಾಗ ಅಂಚಿಗಿಂತ ಅರ್ಧ ಅಡಿ ತಗ್ಗಿರಲಿ, ಇಲ್ಲದಿದ್ದರೆ ನೀರು ದಂಡೆ ಕೊರೆದು ಪಕ್ಕದಿಂದ ಹಾಯುತ್ತದೆ. ಬಿದ್ದ ತಡೆಗಳಲ್ಲಿ ಹೆಚ್ಚಿನವು ಹೀಗೇ ಬಿದ್ದವು.

ಗೋಮಾಳದ ಬಳ್ಳಾರಿ ಜಾಲಿ (ಮುಳ್ಳಿನ ಗಿಡ) ಕಡಿದರೆ ಮತ್ತೆ ಚಿಗುರಿ ಪೊದೆಯಾಗುತ್ತದೆ. ಬುಡದ ಸುತ್ತ ಒಂದಡಿ ಅಗೆದು ಬೇರುಸಮೇತ ಕೀಳಬೇಕು. ಕಟ್ಟಿಗೆ ಮಾರಿದ ಹಣದಲ್ಲಿ ಕೂಲಿಯ ಒಂದು ಪಾಲು ಹುಟ್ಟುತ್ತದೆ. ಕಾಯಿ ತಿಂದ ಕುರಿಯ ಹಿಕ್ಕೆಯಲ್ಲಿ ಬೀಜ ಉಳಿದಿರುತ್ತದೆ, ಹಾಗಾಗಿ ಮಳೆಗಾಲ ಮುಗಿದಮೇಲೆ ಸಸಿ ಕೀಳಲು ಇನ್ನೊಂದು ಸುತ್ತು ಬೇಕೇ ಬೇಕು. ತೆರವಾದಲ್ಲಿ ಮೇವಿನ ಅಂಜನ ಹುಲ್ಲು ಬಿತ್ತುತ್ತೇವೆ, ಹೆಕ್ಟೇರಿಗೆ 4–5 ಕಿಲೋ. ಬೀಜ ಹತ್ತಿಯಂತೆ ಹಗುರ. ಹಸಿ ಮಣ್ಣು, ಸಗಣಿಯಲ್ಲಿ ಕಲಸದಿದ್ದರೆ ಗಾಳಿ ಒಯ್ಯುತ್ತದೆ. ಹೊಸ ಬೀಜ ಸರಿಯಾಗಿ ಮೊಳೆಯದು, ಹೋದ ವರ್ಷದ್ದೇ ಇರಲಿ.

ಇನ್ನು ಹೂಳು. ಅದು ಹೊಲಕ್ಕೆ ಆಗುತ್ತದೆಯೇ ಎಂದು ಮೊದಲು ನೋಡಬೇಕು. ಬಾಟಲಿಯಲ್ಲಿ ಮೂರನೇ ಒಂದು ಭಾಗ ಹೂಳು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ತಳದಲ್ಲಿ ಮೊದಲು ಕೂರುವುದು ಮರಳು. ಅದೇ ಅರ್ಧಕ್ಕಿಂತ ಹೆಚ್ಚಿದ್ದರೆ ಹೊರುವ ಖರ್ಚು ದಂಡ. ಬಿಳಿ ಉಪ್ಪು ಪದರ ಕಟ್ಟಿದ ಜಾಗದ ಮಣ್ಣಂತೂ ಬೇಡವೇ ಬೇಡ. ಹೂಳು ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಅಮೃತ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮೊದಲೇ ಜಿಗಟು ಮಣ್ಣು, ಅಲ್ಲಿ ಇನ್ನಷ್ಟು ಸುರಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಎಕರೆಗೆ ಒಂದು ಇಂಚು ಹರಡಲು ಸುಮಾರು 36 ಬ್ರಾಸ್ ಬೇಕು (ಒಂದು ಬ್ರಾಸ್ ಅಂದರೆ 100 ಘನ ಅಡಿ). ಗುಡ್ಡೆ ಹಾಕಿಟ್ಟು ಮರೆತರೆ ಮಳೆಗೆ ಗಾರೆಯಾಗುತ್ತದೆ. ಏಪ್ರಿಲ್‌ನಲ್ಲೇ ಹರಡಿ ಒಣಗಿಸಿ, ಮೊದಲ ಮಳೆಗೆ ಹೆಂಟೆ ಒಡೆದಮೇಲೆ ಕುಂಟೆ ಹೊಡೆಯಬೇಕು.

ಅಗೆತದ ಖರ್ಚು ಕೆರೆ ಸಮಿತಿಯದು, ಸಾಗಿಸುವ ಖರ್ಚು ರೈತರದು. ಪುಕ್ಕಟೆ ಸಾಗಿಸಿದರೆ ಹೂಳು ಹೊಲದ ಬದುವಿನಲ್ಲೇ ಬಿದ್ದಿರುತ್ತದೆ. ಬಾಡಿಗೆ ಊರಿನ ಟ್ರ್ಯಾಕ್ಟರಿಗೇ ಹೋಗಲಿ ಅನ್ನುವುದು ನಮ್ಮ ಹಟ, ಯಾಕಂದರೆ ಡೀಸೆಲ್ ದುಡ್ಡು ಹೇಗೂ ಹೊರಗೆ ಹರಿಯುತ್ತದೆ. ಉದ್ಯೋಗ ಖಾತ್ರಿ ಕೆಲಸದಲ್ಲಿ ಕೂಲಿಕಾರರ ಕೆಲಸ ಕಸಿಯುವ ಯಂತ್ರಕ್ಕೆ ಅವಕಾಶವಿಲ್ಲ, ಆ ಲೆಕ್ಕ ಪ್ರತ್ಯೇಕ ಇಡಿ.

ಕೆರೆ ಏರಿಯ (ಕಟ್ಟೆಯ) ಬುಡದಿಂದ 30 ಅಡಿ ಬಿಟ್ಟೇ ಅಗೆಯಬೇಕು. ತಳದ ಜೇಡಿ ಪದರ ಒಡೆದರೆ ಕೆರೆ ಸೋರುತ್ತದೆ. ಅಂಚು ಇಳಿಜಾರಿರಲಿ, ಕಡಿದಾದ ಗುಂಡಿಯಲ್ಲಿ ದನಕರು ಮುಳುಗುತ್ತವೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ನೀರಿಗೂ ಇಳಿಯುತ್ತವೆ, ಆದ್ದರಿಂದ ಮಾರ್ಚ್‌ಗಿಂತ ಮೊದಲು ಯಂತ್ರ ಇಳಿಸುವುದಿಲ್ಲ.

ಹುಲ್ಲಿನ ಜಾಗಕ್ಕೆ ಎರಡು ಮಳೆಗಾಲ ಕುರಿ ಬಿಡುವಂತಿಲ್ಲ. ಇದನ್ನು ಕುರಿಗಾರರನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು, ಇಲ್ಲದಿದ್ದರೆ ಬೇಲಿ ಒಂದು ರಾತ್ರಿಯೂ ನಿಲ್ಲದು. ಬೀಜ ಉದುರಿದ ನಂತರ ಕೊಯ್ದ ಹುಲ್ಲಿನ ಹೊರೆಯಲ್ಲಿ ಮೊದಲ ಸರದಿ ಅವರಿಗೇ ಕೊಡುತ್ತೇವೆ, ಉಳಿದದ್ದು ಹರಾಜು. ಆ ಹಣ ತೂಬು, ಕೋಡಿಯ ದುರಸ್ತಿಗೆ ಮೀಸಲು.